ತಾಗಿಯೂ ತಾಗದ ಕತ್ತಿ

ಏಡಿ ಹಿಡಿಯುವುದು ನನಗೆ ಹೊಸತಲ್ಲ. ಸಾಲಿಗ್ರಾಮದ ಪಕ್ಕದ ನಮ್ಮೂರಿನ ಹೊಳೆಬದಿಯಲ್ಲಿ, ನೀರಿಳಿದ ಹೊತ್ತು ನೋಡಿ, ಮಾಟೆಗೆ ಕೋಲು ಹಾಕಿ ಏಡಿ ಎಬ್ಬಿಸಿದ ಕೈ ಇದು. ಅಂಥವನು 2003ರ ಜುಲೈಯ ಒಂದು ಶುಕ್ರವಾರ, ಕುವೈತಿನ ಅಬ್ಬಾಸಿಯಾದ ಮೂರನೇ ಮಹಡಿಯಲ್ಲಿ, ಏಸಿಯ ಕೆಳಗೆ ಕೂತು, ಏಡಿಯೊಂದರ ಕೈಯಲ್ಲಿ ಸತ್ತೆ.

ಆಟದ ಹೆಸರು ಮೊರೊವಿಂಡ್. ಅಮೆರಿಕದ ಬೆಥೆಸ್ಡಾದವರು 2002ರಲ್ಲಿ ಹೊರತಂದದ್ದು. ನಾನು ಸೀಡಿ ತಂದದ್ದು ಹವಲ್ಲಿಯ ರಿಹಾಬ್ ಕಾಂಪ್ಲೆಕ್ಸಿನಿಂದ. ಕುವೈತಿನಲ್ಲಿ ಗೇಮಿನ ಹುಚ್ಚು ಹಿಡಿದವರೆಲ್ಲ ಒಂದಲ್ಲ ಒಂದು ದಿನ ಹೋಗಿ ಸೇರುವ ಜಾಗ ಅದು. ಆಟದ ಆರಂಭ ನೋಡಿ ನಾವು ನಾಲ್ಕೂ ಜನ ರೂಂಮೇಟುಗಳು ನಕ್ಕಿದ್ದೆವು. ನಾಯಕನನ್ನು ಹಡಗಿನಿಂದ ಇಳಿಸುತ್ತಾರೆ, ಕುಲ ಕೇಳುತ್ತಾರೆ, ಕಚೇರಿಗೆ ಕರೆದೊಯ್ಯುತ್ತಾರೆ, ಅಲ್ಲಿ ಮುದಿ ಗುಮಾಸ್ತನೊಬ್ಬ ಕಸುಬು ಬರೆದುಕೊಂಡು ಕಾಗದ ಕೊಡುತ್ತಾನೆ, ಆ ಕಾಗದವನ್ನು ಇನ್ನೊಬ್ಬ ಅಧಿಕಾರಿಗೆ ತೋರಿಸಿದ ಮೇಲೆಯೇ ಹೊರಗೆ ಬಿಡುತ್ತಾರೆ. ಅಕಾಮಾಕ್ಕೆ, ಅಂದರೆ ವಾಸದ ಪರವಾನಗಿಗೆ, ಬೆರಳಚ್ಚು ಕೊಟ್ಟು, ಮೆಡಿಕಲ್ಲಿಗೆ ಸರತಿ ನಿಂತು, ಸಿವಿಲ್ ಐಡಿಗೆ ವಾರಗಟ್ಟಲೆ ಕಾದ ನಮಗೆ ಇಷ್ಟು ಪರಿಚಿತವಾದ ಆರಂಭ ಇನ್ನೊಂದು ಆಟದಲ್ಲಿ ಸಿಕ್ಕಿಲ್ಲ.

ಕಚೇರಿಯ ಮೇಜಿನ ಮೇಲೊಂದು ಚೂರಿ ಇತ್ತು. ಎತ್ತಿಕೊಂಡೆ. ಹೊರಗೆ ಬಂದವನೇ ಸಮುದ್ರದ ಕಡೆ ಓಡಿದೆ. ದಡದಲ್ಲಿ ಏಡಿ. ಚುಚ್ಚಿದೆ. ಚೂರಿ ಏಡಿಯ ಬೆನ್ನಿನೊಳಗೆ ಹೋದದ್ದು ನನಗೆ ಕಂಡಿತು, ರೂಂಮೇಟುಗಳಿಗೂ ಕಂಡಿತು, ಏಡಿಗೆ ಮಾತ್ರ ಗೊತ್ತಾಗಲಿಲ್ಲ. ಗಾಳಿಗೆ ಬೀಸಿದಂತೆ ಸುಂಯ್ ಎಂಬ ಸದ್ದು, ಅಷ್ಟೆ. ಇನ್ನೊಮ್ಮೆ. ಮತ್ತೊಮ್ಮೆ. “ಹ್ವಾಯ್, ಹತ್ರ ಹೋಯಿ ಹೊಡಿ ಮಾರಾಯಾ” ಎಂದ ಕುಂದಾಪುರದವನು. ಇನ್ನೆಷ್ಟು ಹತ್ತಿರ? ಏಡಿ ನನ್ನ ಕಾಲ ಮೇಲೇ ಇತ್ತು. ಅದು ಕಚ್ಚಿದ್ದೆಲ್ಲ ಸರಿಯಾಗಿ ತಾಗುತ್ತಿತ್ತು.

ಇದಕ್ಕೆ ಕಾರಣ ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಆ ಆಟದ ಹೊಟ್ಟೆಯೊಳಗೂ ಒಬ್ಬ ಗುಮಾಸ್ತ ಕೂತಿದ್ದಾನೆ. ನೀವು ಕತ್ತಿ ಬೀಸಿದಾಗಲೆಲ್ಲ ಅವನು ಲೆಕ್ಕ ಮಾಡುತ್ತಾನೆ: ಆ ಬಗೆಯ ಆಯುಧದಲ್ಲಿ ನಿಮ್ಮ ಕೈ ಎಷ್ಟು ಪಳಗಿದೆ, ಅದಕ್ಕೆ ಚುರುಕಿನ ಐದನೇ ಒಂದು ಪಾಲು ಕೂಡಿಸು, ಅದೃಷ್ಟದ ಹತ್ತನೇ ಒಂದು ಪಾಲು ಕೂಡಿಸು. ಮೈಯಲ್ಲಿ ಪೂರ್ತಿ ಕಸುವಿದ್ದರೆ ಬಂದ ಮೊತ್ತಕ್ಕೆ ಕಾಲುಭಾಗ ಸೇರಿಸು. ಓಡಿ ಸುಸ್ತಾಗಿದ್ದರೆ ಕಾಲುಭಾಗ ಕಳೆ. ನಾನು ಚೂರಿಗೆ ಸಂಬಂಧವೇ ಇಲ್ಲದ ಕಸುಬು ಬರೆಸಿದವನು. ಚೂರಿಯ ಪಳಗಿಕೆ 5. ಚುರುಕು 40, ಅದೃಷ್ಟ 40. ಒಟ್ಟು 17. ಓಡಿಕೊಂಡು ಹೋದ ತಪ್ಪಿಗೆ ಅದರಲ್ಲಿ ಕಾಲುಭಾಗ ಹೋಗಿ ಉಳಿದದ್ದು 13ಕ್ಕೂ ಕಡಿಮೆ. ಅಂದರೆ ನೂರು ಏಟಿನಲ್ಲಿ ಹದಿಮೂರೂ ಇಲ್ಲ. ಏಡಿ ತಪ್ಪಿಸಿಕೊಳ್ಳುವ ಪಾಲನ್ನು ಇನ್ನೂ ಕಳೆದಿಲ್ಲ. ಉಳಿದದ್ದೆಲ್ಲ ಕಣ್ಣಿಗೆ ತಾಗಿದರೂ ಲೆಕ್ಕಕ್ಕೆ ತಾಗಿಲ್ಲ. ಕಾಗದ ಸರಿಯಿಲ್ಲ, ನಾಳೆ ಬಾ.

ಲೆಕ್ಕದ ಮೇಲೆ ನನಗೆ ಸಿಟ್ಟಿಲ್ಲ. ಇದರ ಮೂಲ 1974ರಲ್ಲಿ ಬಂದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಮೇಜಿನ ಸುತ್ತ ಕೂತು, ಕಾಗದ ಪೆನ್ಸಿಲು ಹಿಡಿದು, ದಾಳ ಉರುಳಿಸಿ ಆಡುವ ಆಟ. ಅಲ್ಲಿ ಕತ್ತಿ ಕಾಣುವುದಿಲ್ಲ, ದಾಳ ಕಾಣುತ್ತದೆ. ನಮ್ಮ ಚೌಕಾಬಾರದಲ್ಲೂ ಹಾಗೆಯೇ. ಕವಡೆ ಕೈಕೊಟ್ಟರೆ ಬೈಯುವುದು ಕವಡೆಯನ್ನು. ಕಾಯಿ ಸರಿಯಾಗಿ ನಡೆಯಲಿಲ್ಲ ಎಂದು ಯಾರೂ ಕೊರಗುವುದಿಲ್ಲ. ಮೊರೊವಿಂಡಿನವರು ಕವಡೆಯನ್ನು ಒಳಗೆ ಬಚ್ಚಿಟ್ಟು, ಕತ್ತಿಯನ್ನು ನನ್ನ ಕೈಗೆ ಕೊಟ್ಟರು. ನನ್ನ ತಕರಾರು ಅಷ್ಟೇ, ಅದು ಶುರುವಾದದ್ದು ಮಾತ್ರ ಬಹಳ ಹಿಂದೆ, ಇದೇ ಹವಲ್ಲಿಯಲ್ಲಿ.

1986ರಲ್ಲಿ ನನಗೆ ಹನ್ನೊಂದು. ಅಪ್ಪ ಒಂದು ಕಂಪನಿಯಲ್ಲಿ ಸ್ಟೋರ್‌ಕೀಪರ್. ಮಗ ಕಂಪ್ಯೂಟರ್ ಕಲಿಯಲಿ ಎಂದು ಸಖರ್ ಎಎಕ್ಸ್-170 ತಂದರು. ಈಗಿನವರಿಗೆ ಈ ಹೆಸರು ಗೊತ್ತಿರಲಾರದು. ಕುವೈತಿನ ಮೊಹಮ್ಮದ್ ಅಲ್ ಶಾರಿಖ್ ಎಂಬುವರು 1982ರಲ್ಲಿ ಅಲ್ ಆಲಮಿಯ ಎಂಬ ಕಂಪನಿ ಕಟ್ಟಿ, ಜಪಾನಿನ ಯಮಾಹಾದವರಿಂದ ಎಂಎಸ್‌ಎಕ್ಸ್ ಮಾದರಿಯ ಕಂಪ್ಯೂಟರ್ ಮಾಡಿಸಿ, ಅದಕ್ಕೆ ಅರಬ್ಬಿ ಕಲಿಸಿದರು. ಸಖರ್ ಅಂದರೆ ಬಂಡೆ. ಕೀಲಿಮಣೆಯಲ್ಲಿ ಅರಬ್ಬಿ ಅಕ್ಷರ, ಬೇಸಿಕ್ ಭಾಷೆಯೂ ಅರಬ್ಬಿಯಲ್ಲಿ. ಟೀವಿಗೆ ಸಿಕ್ಕಿಸಿದರೆ ಆಯಿತು. ಶಾರಿಖ್ 2024ರಲ್ಲಿ ತೀರಿಕೊಂಡ ಸುದ್ದಿ ಓದಿದಾಗ, ಅವರು ಅರಬ್ಬಿಗೆ ಮಾಡಿದ ಕೆಲಸ ಕನ್ನಡಕ್ಕೆ ಆ ಕಾಲದಲ್ಲೇ ಆಗಿದ್ದರೆ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ನಿಜ ಹೇಳಬೇಕೆಂದರೆ, ನಾನು ಅದರಲ್ಲಿ ಒಂದಕ್ಷರವೂ ಕಲಿಯಲಿಲ್ಲ. ಎಂಎಸ್‌ಎಕ್ಸ್ ಆದ್ದರಿಂದ ಜಪಾನಿನ ಗೇಮ್ ಕಾರ್ಟ್ರಿಜ್‌ಗಳು ಅದರಲ್ಲಿ ಓಡುತ್ತಿದ್ದವು. ಕೆಳಮನೆಯ ಪ್ಯಾಲೆಸ್ತೀನಿ ಹುಡುಗನ ಹತ್ತಿರ ಒಂದು ಕಾರ್ಟ್ರಿಜ್ ಇತ್ತು: ಹೈಡ್‌ಲೈಡ್.

ಟಿ ಅಂಡ್ ಇ ಸಾಫ್ಟ್ ಎಂಬ ಕಂಪನಿ 1984ರಲ್ಲಿ ಮಾಡಿದ ಆಟ. ರಾಜಕುಮಾರಿಯನ್ನು ರಾಕ್ಷಸ ಮೂರು ಯಕ್ಷಿಣಿಯರನ್ನಾಗಿ ಮಾಡಿಟ್ಟಿದ್ದಾನೆ. ಜಿಮ್ ಎಂಬ ಗುಬ್ಬಿಗಾತ್ರದ ವೀರ ಹುಡುಕಿಕೊಂಡು ಹೊರಟಿದ್ದಾನೆ. ಇದರಲ್ಲಿ ಕತ್ತಿ ಬೀಸುವುದೇ ಇಲ್ಲ. ಕೀಲಿ ಒತ್ತಿ ಹಿಡಿದರೆ ಜಿಮ್ ಕಾದುವ ಭಂಗಿಯಲ್ಲಿರುತ್ತಾನೆ, ಬಿಟ್ಟರೆ ತಡೆಯುವ ಭಂಗಿ. ಕಾದುವುದೆಂದರೆ ಟಗರಿನ ಹಾಗೆ ಹೋಗಿ ಗುದ್ದುವುದು. ಎದುರಿನಿಂದ ಗುದ್ದಿದರೆ ಇಬ್ಬರಿಗೂ ಪೆಟ್ಟು. ಹಿಂದಿನಿಂದ ಹೋದರೆ ನಮಗೆ ಪೆಟ್ಟು ಕಡಿಮೆ. ಸುಸ್ತಾದರೆ ಬಯಲಿನಲ್ಲಿ ಸುಮ್ಮನೆ ನಿಂತುಕೊಳ್ಳುವುದು. ಜೀವ ತಾನಾಗಿ ತುಂಬಿಕೊಳ್ಳುತ್ತದೆ. ಈ ನಿಲ್ಲುವುದೇ ಆಟದ ಮುಕ್ಕಾಲು ಪಾಲು. ಹೊರಗೆ ಕಣ್ಣು ಬಿಡಲಾಗದ ಬಿಸಿಲು, ಒಳಗೆ ನಾನು ಮತ್ತು ಆ ಹುಡುಗ ಟೀವಿಯ ಮುಂದೆ ಕೂತು, ಜಿಮ್ ಸುಧಾರಿಸಿಕೊಳ್ಳುವುದನ್ನು ನೋಡುತ್ತಿದ್ದೆವು. ಅಮ್ಮ ಬಂದು ನೋಡಿ, “ಎಂತದಾ ಇದು, ಅವ ಅಲ್ಲಾಡುದೇ ಇಲ್ಯಲೆ” ಎನ್ನುತ್ತಿದ್ದರು.

ಆಗ ಅದನ್ನು ಬೈದಷ್ಟು ಇನ್ನಾವುದನ್ನೂ ಬೈದಿಲ್ಲ. ಗುದ್ದುವ ಭರದಲ್ಲಿ ಸ್ಪೇಸ್‌ಬಾರಿನ ಎಡತುದಿ ಸವೆದು ನುಣ್ಣಗಾಗಿತ್ತು. ಆದರೂ ಈಗ ಹಿಂದಿರುಗಿ ನೋಡಿದರೆ ಆ ಆಟ ಒಮ್ಮೆಯೂ ನನಗೆ ಸುಳ್ಳು ಹೇಳಲಿಲ್ಲ. ಗುದ್ದಿದೆಯೋ, ಗುದ್ದಿದೆ. ತಾಗಿತೋ, ತಾಗಿತು.

1990ರ ಬೇಸಿಗೆ ರಜೆಗೆ ಅಮ್ಮ ಮತ್ತು ನಾನು ಊರಿಗೆ ಬಂದೆವು. ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಅಪ್ಪ ಅಲ್ಲೇ ಇದ್ದರು. ಬಸ್ರಾ, ಬಾಗ್ದಾದ್ ಹಾದು ಅಮ್ಮಾನ್‌ಗೆ ಬಂದು, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬಯಿಗೆ ಇಳಿದದ್ದು ಸೆಪ್ಟೆಂಬರಿನಲ್ಲಿ, ಒಂದು ಕೈಚೀಲದೊಂದಿಗೆ. ಆ ದಿನಗಳ ಕಥೆಯನ್ನು ಅವರು ನಮಗೆ ಪೂರ್ತಿ ಹೇಳಲೇ ಇಲ್ಲ. ನಾನೂ ಇಲ್ಲಿ ಹೇಳಹೊರಡುವುದಿಲ್ಲ. ಮನೆಗೆ ಬಂದ ಅಪ್ಪನನ್ನು ಹದಿನೈದು ವರ್ಷದ ನಾನು ಕೇಳಿದ ಎರಡನೇ ಪ್ರಶ್ನೆ ಸಖರ್ ಎಲ್ಲಿ ಎಂದು. ಅಪ್ಪ ಬೈಯಲಿಲ್ಲ. “ಕೆಳಗಿನ ಹುಡುಗನಿಗೆ ಕೊಟ್ಟು ಬಂದೆ. ಅವನ ಆಟ ಅದರಲ್ಲೇ ಇತ್ತಲ್ಲ” ಎಂದರು.

ಹಾಗೆ ಊರಿನಲ್ಲಿ ಉಳಿದ ಆ ಚಳಿಗಾಲ, ಬಯಲಿನಲ್ಲಿ ಮಂದಾರ್ತಿ ಮೇಳದ ಹರಕೆ ಆಟ. ಅಜ್ಜಯ್ಯನ ಪಕ್ಕ ಕಂಬಳಿ ಹೊದ್ದು ಕೂತಿದ್ದೆ. ಬೆಳಗಿನ ಜಾವ ಅಭಿಮನ್ಯು ಕಾಳಗ. ಪುಂಡುವೇಷದವನು ಧೀಂಗಿಣ ಹಾಕುತ್ತ ರಂಗಸ್ಥಳವನ್ನೆಲ್ಲ ಸುತ್ತಿದ. ಎದುರಿನವರು ಬಿದ್ದರು. ಗೇಮು ಆಡಿ ಕೆಟ್ಟ ನನ್ನ ಕಣ್ಣಿಗೆ ಕಂಡದ್ದು ಒಂದೇ: ಅವನ ಆಯುಧಕ್ಕೂ ಇವನ ಮೈಗೂ ನಡುವೆ ಎರಡು ಮಾರು ಜಾಗ. “ಅಜ್ಜಯ್ಯ, ತಾಗಲೇ ಇಲ್ಲ” ಎಂದೆ. ಅಜ್ಜಯ್ಯ ರಂಗಸ್ಥಳದಿಂದ ಕಣ್ಣು ತೆಗೆಯದೆ, “ಚಂಡೆ ಕೇಂತಿಲ್ಯಾ ನಿಂಗೆ?” ಎಂದರು.

ಯಕ್ಷಗಾನದಲ್ಲಿ ಏಟು ಬೀಳುವುದು ಚಂಡೆಯ ಮೇಲೆ. ಭಾಗವತರು ಪದ ಎತ್ತಿದ್ದಾರೆ, ಚಂಡೆ ಗುಡುಗಿದೆ, ಅಷ್ಟಾದರೆ ಸತ್ತವನು ಸತ್ತ. ಎರಡು ಮಾರು ದೂರ ಇದ್ದರೂ ಪ್ರೇಕ್ಷಕನಿಗೆ ಅನುಮಾನವಿಲ್ಲ. ಮೊರೊವಿಂಡ್ ಇದನ್ನು ಬುಡಮೇಲು ಮಾಡಿದೆ. ಅಲ್ಲಿ ಕತ್ತಿ ಮೈಯೊಳಗೆ ಹೋಗಿ ಆಚೆ ಬರುತ್ತದೆ, ಚಂಡೆ ಮಾತ್ರ ಸುಮ್ಮನಿರುತ್ತದೆ. ಏಡಿಯ ಕೈಯಲ್ಲಿ ಸತ್ತ ದಿನ ಮಾನಿಟರಿನ ಮುಂದೆ ನನಗೆ ನೆನಪಾದದ್ದು ಅಜ್ಜಯ್ಯನ ಆ ಮಾತು.

ನಡುವೆ ಡಯಾಬ್ಲೊದ ಮಾತನ್ನೂ ಹೇಳಿಬಿಡಬೇಕು. ಮೊದಲ ಡಯಾಬ್ಲೊವನ್ನು ಸರದಿ ಪ್ರಕಾರ ಆಡುವ ಆಟವಾಗಿಯೇ ಕಟ್ಟುತ್ತಿದ್ದರಂತೆ, ಒಬ್ಬರಾದ ಮೇಲೆ ಒಬ್ಬರು, ಚದುರಂಗದ ಹಾಗೆ. ಬೇಡವೆಂದು ಆಟವನ್ನು ಹೊರತರಬೇಕಿದ್ದ ಬ್ಲಿಜಾರ್ಡಿನವರು ಒತ್ತಾಯಿಸಿದಾಗ, ಅದನ್ನು ಕೆಲವೇ ಗಂಟೆಗಳಲ್ಲಿ ಕ್ಲಿಕ್ಕಿಗೆ ತಕ್ಷಣ ಓಗೊಡುವ ಆಟವನ್ನಾಗಿ ಮಾರ್ಪಡಿಸಿದ್ದಾಗಿ ಆಟ ಕಟ್ಟಿದವರಲ್ಲಿ ಒಬ್ಬರಾದ ಡೇವಿಡ್ ಬ್ರೆವಿಕ್ ಅವರೇ ಹೇಳಿಕೊಂಡಿದ್ದಾರೆ. 2000ದಲ್ಲಿ ಬಂದ ಎರಡನೆಯದನ್ನು ನಾನು ಅಬ್ಬಾಸಿಯಾದಲ್ಲಿ ಆಡಿದ್ದು. ನಡೆಯುವುದಕ್ಕೂ ಹೊಡೆಯುವುದಕ್ಕೂ ಮೌಸಿನ ಅದೇ ಗುಂಡಿ. ರಾಕ್ಷಸನ ಮೇಲೆ ಒತ್ತಿದರೆ ಏಟು. ಕೂದಲೆಳೆ ಆಚೆ ಒತ್ತಿದರೆ ನಮ್ಮ ವೀರ ಏಟಿನ ಯೋಚನೆ ಬಿಟ್ಟು, ರಾಕ್ಷಸರ ಗುಂಪಿನ ನಡುವೆ ಮದುವೆ ದಿಬ್ಬಣಕ್ಕೆ ಹೊರಟವನಂತೆ ನಡೆದುಹೋಗುತ್ತಾನೆ. ಶಿಫ್ಟ್ ಒತ್ತಿ ಹಿಡಿದರೆ ನಿಲ್ಲುತ್ತಾನೆ ಎಂದು ತಿಳಿಯುವಷ್ಟರಲ್ಲಿ ಮೂರು ಸಲ ಸತ್ತಿದ್ದೆ. ಒಳಗಿನ ಲೆಕ್ಕವೂ ಕಡಿಮೆಯದಲ್ಲ. ನೀವು ಎಷ್ಟೇ ದೊಡ್ಡ ಶೂರನಾದರೂ ಏಟು ತಾಗುವ ಸಂಭವ 95ಕ್ಕಿಂತ ಮೇಲೇರುವುದಿಲ್ಲ, ಎಷ್ಟೇ ದಡ್ಡನಾದರೂ 5ಕ್ಕಿಂತ ಕೆಳಗಿಳಿಯುವುದಿಲ್ಲ. ಓಡುತ್ತಿದ್ದರೆ ಸಾವಿರಗಟ್ಟಲೆ ಕೂಡಿಟ್ಟ ರಕ್ಷಣೆಯ ಅಂಕ ಸೊನ್ನೆ. ಹೀಗೆಂದು ಪರದೆಯಲ್ಲಿ ಎಲ್ಲೂ ಬರೆದಿರುವುದಿಲ್ಲ. ನಿಮ್ಮ ಅಂಕಗಳನ್ನು ತೋರಿಸುವ ಪುಟಕ್ಕೆ ಆಡುವವರು ಇಟ್ಟ ಹೆಸರೇ ‘ಸುಳ್ಳು ಹೇಳುವ ಪುಟ’. ಆದರೂ ಡಯಾಬ್ಲೊವನ್ನು ನಾನು ಕ್ಷಮಿಸಿದ್ದೇನೆ. ಅಲ್ಲಿ ಎಲ್ಲವೂ ಮೇಲಿನಿಂದ, ದೂರದಿಂದ ಕಾಣುತ್ತದೆ. ಇರುವೆಗಳ ಜಗಳದಲ್ಲಿ ಯಾರ ಏಟು ಯಾರಿಗೆ ತಾಗಿತೆಂದು ಯಾರು ಪಟ್ಟು ಹಿಡಿಯುತ್ತಾರೆ?

ಈ ಗೊಂದಲಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಜರ್ಮನಿಯ ಪಿರಾನ್ಹಾ ಬೈಟ್ಸ್‌ನವರು, 2001ರ ಗೋಥಿಕ್ ಆಟದಲ್ಲಿ. ಅದರ ಕೀಲಿಗಳು ಮಹಾ ಕಿರಿಕಿರಿ. ಒಂದು ಕೀಲಿ ಒತ್ತಿ ಹಿಡಿದು, ಅದನ್ನು ಬಿಡದೆ ಬಾಣದ ಕೀಲಿಗಳಿಂದ ಎಡಕ್ಕೆ, ಬಲಕ್ಕೆ, ಮುಂದಕ್ಕೆ ಬೀಸಬೇಕು. ಮೊದಲ ವಾರ ಬೆರಳುಗಳು ಗಂಟಾಗುತ್ತವೆ. ಆದರೆ ಅದರ ನಾಯಕ ಆರಂಭದಲ್ಲಿ ಒಂದು ಕೈಯ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ, ಒನಕೆ ಹಿಡಿದ ಹಾಗೆ. ಬೀಸಿದರೆ ಅದರ ಭಾರಕ್ಕೆ ತಾನೇ ವಾಲುತ್ತಾನೆ. ಗುರುವಿನ ಹತ್ತಿರ ಹೋಗಿ ಕಲಿತ ಮೇಲೆ ಕತ್ತಿ ಒಂದು ಕೈಗೆ ಬರುತ್ತದೆ, ಮೈ ಹಗುರಾಗುತ್ತದೆ, ಒಂದು ಏಟಿಗೆ ಇನ್ನೊಂದು ಏಟು ಹೊಂದಿಕೊಳ್ಳುತ್ತದೆ. ಗೆಜ್ಜೆ ಕಟ್ಟಿದ ಮೊದಲ ವರ್ಷದ ಹುಡುಗನಿಗೂ ಹತ್ತು ವರ್ಷ ತಿರುಗಾಟ ಮಾಡಿದ ವೇಷಧಾರಿಗೂ ಇರುವ ವ್ಯತ್ಯಾಸ ಹೀಗೆಯೇ ತಾನೆ ಕಾಣುವುದು? ಯಾವ ಗುಮಾಸ್ತನ ಪುಸ್ತಕವನ್ನೂ ತೆರೆಯಬೇಕಾಗಿಲ್ಲ. ನನ್ನ ಮಟ್ಟಿಗೆ ಆಕ್ಷನ್ ಆರ್‌ಪಿಜಿ ಎಂದು ಕರೆಯುವ ಆ ಕಾಲದ ಈ ಬಗೆಯ ಆಟಗಳಲ್ಲಿ ಕಾಳಗವನ್ನು ಅರ್ಥಮಾಡಿಕೊಂಡದ್ದು ಗೋಥಿಕ್ ಒಂದೇ.

ಬೆಥೆಸ್ಡಾದವರಿಗೂ ಬುದ್ಧಿ ಬಂತು. 2006ರ ಒಬ್ಲಿವಿಯನ್‌ನಲ್ಲಿ ಒಳಗಿನ ದಾಳವನ್ನು ತೆಗೆದುಹಾಕಿದರು. ಕಣ್ಣಿಗೆ ತಾಗಿದ್ದು ಲೆಕ್ಕಕ್ಕೂ ತಾಗುತ್ತದೆ. ಈಗ ಇನ್ನೊಂದು ಗೋಳು. ಹದಿನಾರರ ನನ್ನ ಮಗ 2011ರ ಸ್ಕೈರಿಮ್ ಆಡುವಾಗ ಹಿಂದೆ ನಿಂತು ನೋಡುತ್ತೇನೆ. ಕಳ್ಳನೊಬ್ಬನ ತಲೆಗೆ ಕೊಡಲಿ ಬೀಳುತ್ತದೆ, ಬೀಳುತ್ತಲೇ ಇರುತ್ತದೆ. ಹಲಸಿನ ಮರವಾದರೂ ಇಷ್ಟು ಹೊತ್ತಿಗೆ ಉರುಳುತ್ತಿತ್ತು. “ಅವನ ಲೆವೆಲ್ ಜಾಸ್ತಿ ಅಪ್ಪ” ಎನ್ನುತ್ತಾನೆ. ಹಿಂದೆ ತಾಗದೆ ಸತಾಯಿಸುತ್ತಿದ್ದರು, ಈಗ ತಾಗಿಯೂ ಸಾಯದೆ ಸತಾಯಿಸುತ್ತಾರೆ.

ಕಳೆದ ಆಗಸ್ಟಿನಲ್ಲಿ, ಮಧ್ಯಾಹ್ನ ಹನ್ನೊಂದರಿಂದ ನಾಲ್ಕರವರೆಗೆ ಹೊರಗೆ ಕೆಲಸ ಮಾಡಿಸಬಾರದೆಂದು ಸರಕಾರವೇ ನಿಷೇಧಿಸುವ ಬಿಸಿಲಿನ ದಿನಗಳಲ್ಲಿ, ಅವನಿಗೆ ಮೊರೊವಿಂಡ್ ಹಾಕಿಕೊಟ್ಟೆ. ಏಡಿಯ ಹತ್ತಿರ ಓಡಬೇಡ, ನಿಧಾನ ನಡೆ ಎಂದೆ. ನಗುತ್ತ ಓಡಿದ. ಆರನೇ ಏಟೂ ತಾಗದಿದ್ದಾಗ ಕಂಪ್ಯೂಟರ್ ಕೆಟ್ಟಿದೆ ಎಂದ. ಅವನು ಮತ್ತೆ ಅದನ್ನು ತೆರೆದಿಲ್ಲ. ಬದಲಿಗೆ ನನಗಾಗಿ ಎಲ್ಲಿಂದಲೋ ಹುಡುಕಿ ಹೈಡ್‌ಲೈಡ್ ತೋರಿಸಿದ, ಲ್ಯಾಪ್‌ಟಾಪಿನಲ್ಲಿ. ಹೆಬ್ಬೆರಳು ತಾನಾಗಿ ಸ್ಪೇಸ್‌ಬಾರಿನ ಎಡತುದಿಗೆ ಹೋಯಿತು. ಜಿಮ್ ಗುದ್ದಿದ, ಸುಸ್ತಾದ, ಬಯಲಿನಲ್ಲಿ ನಿಂತ. “ಹ್ವಾಯ್, ಎಷ್ಟು ಹೊತ್ತು ಅದನ್ನೇ ಕಾಂತ್ರಿ?” ಎಂದು ಹೆಂಡತಿ ಅಡುಗೆಮನೆಯಿಂದ ಕೂಗಿದಳು. ಪಕ್ಕದಲ್ಲಿ ಕೂತು ಜಿಮ್ ಸುಧಾರಿಸಿಕೊಳ್ಳುವುದನ್ನು ಕಾಯುವ ತಾಳ್ಮೆ ಮಗನಿಗಿರಲಿಲ್ಲ. ಒಬ್ಬನೇ ಕಾಯುವ ಆಟ ಅದಲ್ಲ. ಮುಚ್ಚಿಟ್ಟೆ.

ಯುದ್ಧ ಮುಗಿದ ಮೇಲೆ ಹವಲ್ಲಿಯ ಪ್ಯಾಲೆಸ್ತೀನಿಯರಲ್ಲಿ ಹೆಚ್ಚಿನವರು ಕುವೈತಿನಲ್ಲಿ ಉಳಿಯಲಿಲ್ಲ. ನಾನು ಮರಳಿ ಬಂದಾಗ ನಮ್ಮ ಹಳೆಯ ಕಟ್ಟಡದ ಕೆಳಮನೆಯಲ್ಲಿ ಬೇರೆಯವರಿದ್ದರು; ಕಟ್ಟಡದ ಕಾವಲುಗಾರನಿಗೂ ಏನೂ ಗೊತ್ತಿರಲಿಲ್ಲ. ಇದನ್ನು ಓದುತ್ತಿರುವ ಯಾರಿಗಾದರೂ, ಇಲ್ಲಿಯೋ ಅಮ್ಮಾನಿನಲ್ಲೋ ಮತ್ತೆಲ್ಲೋ, ಹಳೆಯ ಸಾಮಾನಿನ ನಡುವೆ ಒಂದು ಸಖರ್ ಎಎಕ್ಸ್-170 ಕಂಡರೆ ದಯವಿಟ್ಟು ಅದರ ಸ್ಪೇಸ್‌ಬಾರನ್ನು ಮುಟ್ಟಿ ನೋಡಿ. ಎಡತುದಿ ನುಣ್ಣಗಿದ್ದರೆ ಅದು ನಮ್ಮದೇ. ಒಂದು ಮಾತು ತಿಳಿಸಿ. ನಮ್ಮಿಬ್ಬರಿಗೂ ಆ ರಾಕ್ಷಸನನ್ನು ಕೊಲ್ಲುವುದು ಬಾಕಿ ಇದೆ.