ಭೀಮಾತೀರದ ಬಿಳಿಯ ಹೂ

ಕಲಬುರಗಿಯಿಂದ ನಾವು ಆಳಂದಕ್ಕೆ ಹೊರಟುದು ಭಾದ್ರಪದದ ಒಂದು ಮುಂಜಾನೆ. ರಾತ್ರಿ ಮಳೆಯಾಗಿ ಹೊಳವಾಗಿದ್ದಿತು. ದಾರಿಯ ಇಕ್ಕೆಲದಲ್ಲಿಯೂ ಎರೆಯ ಹೊಲ, ಹೊಲದ ತುಂಬ ಹಸಿರು ತೊಗರಿ. ಹೊಲಕ್ಕೂ ದಾರಿಗೂ ನಡುವೆ ಅಕ್ಕಿ ಚೆಲ್ಲಿದಂತೆ ಸಣ್ಣ ಸಣ್ಣ ಬಿಳಿಯ ಹೂಗಳು. ಅವುಗಳ ಸೊಬಗನ್ನು ಹೊಗಳುತ್ತಿದ್ದ ನನ್ನ ಸಂಗಡಿಗರಿಗೆ ಸೀನು ಹತ್ತಿತು. ಲಾಡ್ಲೆ ಮಶಾಯಿಕರ ದರ್ಗಾದ ಬಾಗಿಲು ಮುಟ್ಟುವವರೆಗೂ ಅದು ಅವರನ್ನು ಬಿಡಲಿಲ್ಲ.

ಆ ಗಿಡವೇ ಕಾಂಗ್ರೆಸ್ ಹುಲ್ಲು; ಶಾಸ್ತ್ರಜ್ಞರು ಪಾರ್ಥೇನಿಯಂ ಎನ್ನುವರು. ಹೆಸರಿಗೆ ಹುಲ್ಲಾದರೂ ಇದು ಸೇವಂತಿಗೆಯ ಕುಲದ್ದು. ತವರು ಅಮೆರಿಕಾ ಖಂಡ. ಹೊರಗಿನಿಂದ ತರಿಸಿದ ಗೋಧಿಯೊಡನೆ ಬಂದಿತೆಂದು ಹೇಳುವುದುಂಟು. 1955ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟ ಈ ಗಿಡವು, ಒಂದೊಂದೇ 10,000ಕ್ಕೂ ಮೀರಿ ಬೀಜ ಕೊಡಬಲ್ಲದಾದುದರಿಂದ, ದೇಶವನ್ನೆಲ್ಲ ಹಬ್ಬಿತು.

ಅಮರ್ಜಾ ನದಿಯು ಭೀಮೆಯನ್ನು ಕೂಡುವ ಗಾಣಗಾಪುರ ಅಫಜಲಪುರ ತಾಲೂಕಿನದು. ದತ್ತದರ್ಶನ ಮುಗಿಸಿ ಬರುವಾಗ ಹೊಲವೊಂದರಲ್ಲಿ ಕಳೆ ಕೀಳುತ್ತಿದ್ದ ಮುದುಕಿಯೊಬ್ಬಳನ್ನು ಮಾತನಾಡಿಸಿದೆವು. ಅವಳ ರೆಪ್ಪೆಗಳು ಊದಿದ್ದುವು; ಕೊರಳೂ ಮೊಣಕೈಯ ಮಡಿಕೆಗಳೂ ಕಪ್ಪಾಗಿ, ಚರ್ಮವು ಎಮ್ಮೆಯ ತೊಗಲಿನಂತೆ ದಪ್ಪಗಾಗಿದ್ದಿತು. ಬಿಸಿಲಿನ ಬೇನೆಯೆಂದು ಅವಳು ವರ್ಷಗಟ್ಟಲೆ ತಿಳಿದಿದ್ದಳಂತೆ. "ಹೊಲಕ್ಕ ಹೋಗಬ್ಯಾಡ ಅಂತಾರ್ರಿ ಡಾಕ್ಟರು. ಹೋಗದಿದ್ರ ಹೊಟ್ಟಿಗೇನ್ರಿ?" ಎಂದಳು. ಉತ್ತರ ಹೇಳಲು ನಮಗೆ ನಾಲಿಗೆ ಏಳಲಿಲ್ಲ.

ಅಲರ್ಜಿಯೆಂಬುದು ದೇಹದ ತಪ್ಪು ತಿಳಿವಳಿಕೆ. ಹಲವರಿಗೆ ಏನೂ ಮಾಡದ ವಸ್ತುವನ್ನು ಒಬ್ಬರ ದೇಹವು ಹಗೆಯೆಂದು ಬಗೆದು ಕಾದಾಟಕ್ಕೆ ನಿಲ್ಲುವುದು. ಈ ಗಿಡದ ಪಾರ್ಥೆನಿನ್ ಎಂಬ ದ್ರವ್ಯವು ಚರ್ಮಕ್ಕೂ, ಪರಾಗವು ಮೂಗು ಕಣ್ಣುಗಳಿಗೂ ತಗಲುವುದು. ಕೆಲವರಿಗೆ ಉಬ್ಬಸವೇ ಬರುವುದು. ಮೊದಲ ದಿನವೇ ತುರಿಕೆ ಬರಬೇಕೆಂದಿಲ್ಲ; ಬಹುಕಾಲ ಒಗ್ಗಿದ್ದ ಕೈಗೇ ಒಂದು ದಿನ ಒಗ್ಗದಾಗುವುದು. ಒಣಗಿದ ಗಿಡದ ಧೂಳೂ ಸಾಕು. ಗಿಡವನ್ನೆಂದೂ ಮುಟ್ಟದವರ ರೆಪ್ಪೆಯೂ ಊದುವುದು ಇದರಿಂದಲೇ.

ಭೀಮೆಯನ್ನು ದಾಟಿ ಜೇವರ್ಗಿಗೆ ಬಂದಾಗ ಅಲ್ಲಿಯ ವೈದ್ಯರೊಬ್ಬರನ್ನು ಮುದುಕಿಯ ಪ್ರಶ್ನೆಯನ್ನೇ ಕೇಳಿದೆವು. ಬೆನ್ನಿಗೆ ಪಟ್ಟಿ ಹಚ್ಚಿ, ಎರಡು ದಿನದ ಮೇಲೆ ತೆಗೆದು ನೋಡುವ ಪರೀಕ್ಷೆಯುಂಟೆಂದರು. ಹೊಲ ಬಿಡಲಾಗದವರು ತುಂಬುತೋಳು ತೊಟ್ಟು, ಕೈಚೀಲ ಧರಿಸಿ, ಮನೆಗೆ ಬಂದೊಡನೆ ಮಿಂದು ಬಟ್ಟೆ ಬದಲಾಯಿಸಬೇಕು. ಈ ಗಿಡವನ್ನು ಮಾತ್ರ ಒಗ್ಗದವರು ಕೀಳದೆ, ಮನೆಯ ಬೇರೆಯವರು ಹೂ ಬಿಡುವ ಮುನ್ನವೇ ಕೀಳಬೇಕು. ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಮುಲಾಮನ್ನು ತಿಂಗಳುಗಟ್ಟಲೆ ಮುಖಕ್ಕೆ ಬಳಿದುಕೊಂಡು ಚರ್ಮ ತೆಳುವಾದವರನ್ನು ಅವರು ಬಹಳ ಕಂಡಿದ್ದರು. ರಾತ್ರಿ ಎದೆ ಸುಯ್ಗುಟ್ಟಿದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ನಡೆಯಬೇಕೆಂದೂ ಹೇಳಿದರು.

ಊರ ಹೊರಗೆ ಕೆಲವು ಗಿಡಗಳ ಎಲೆಗಳು ಜಾಲರಿಯಾಗಿದ್ದುವು. 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಮೆಕ್ಸಿಕೋ ದೇಶದ ಪುಟ್ಟ ಜೀರುಂಡೆಯ ಸಂತತಿಯ ಕೆಲಸವದು. ಮಳೆಗಾಲದಲ್ಲಿ ಚೆನ್ನಾಗಿ ಮೇಯುವ ಈ ಹುಳು ಒಣಹವೆ ಬಂದೊಡನೆ ಮಣ್ಣಿನೊಳಗೆ ಅಡಗುವುದು. ಗಿಡವೋ, ಸ್ವಲ್ಪ ತೇವ ಸಿಕ್ಕಿದರೂ ಮತ್ತೆ ಮೊಳೆಯುವುದು.