ಅವ್ವ ತಿಂದ ಪುಪೂಸಾ

ಲಾಸ್ ಏಂಜಲೀಸ್‌ನಲ್ಲಿ ಎಲ್ ಸಾಲ್ವಡಾರ್ ದೇಶದವರ ಒಂದು ಸಣ್ಣ ಹೋಟೆಲಿಗೆ ಅವ್ವನನ್ನು ಕರೆದುಕೊಂಡು ಹೋಗಿದ್ದೆವು. ನಾಲ್ಕಾರು ಮೇಜು, ಗೋಡೆಗೊಂದು ಟಿವಿ, ಒಳಗೆ ಕಾದ ಹಂಚು. ಬಾಗಿಲು ದಾಟುತ್ತಲೇ ಅವ್ವ ನಿಂತುಬಿಟ್ಟಳು.

"ಯಾರೋ ರೊಟ್ಟಿ ಬಡ್ಯಾಕತ್ತಾರಲ್ಲ!"

ಅದು ಪುಪೂಸಾ ತಟ್ಟುವ ಸದ್ದು. ಗೋವಿನಜೋಳದ ಹಿಟ್ಟಿನ ಉಂಡೆಗೆ ಹೂರಣದಂತೆ ಚೀಸ್ ಇಲ್ಲವೇ ಕಾಳು ತುಂಬಿ, ಬಾಯಿ ಮುಚ್ಚಿ, ಅಂಗೈಯಲ್ಲೇ ತಟ್ಟಿ ಹಂಚಿಗೆ ಹಾಕುತ್ತಾರೆ. ಲಟ್ಟಣಿಗೆ ಇಲ್ಲ. 2005ರಲ್ಲಿ ಎಲ್ ಸಾಲ್ವಡಾರ್ ಇದನ್ನು ರಾಷ್ಟ್ರೀಯ ತಿನಿಸು ಎಂದು ಘೋಷಿಸಿತು. ನವೆಂಬರ್ ತಿಂಗಳ ಎರಡನೇ ಭಾನುವಾರ ಅಲ್ಲಿ ಪುಪೂಸಾ ದಿನ.

ಅವ್ವ ಮಾಂಸ ಮುಟ್ಟುವವಳಲ್ಲ. ಹಾಗಾಗಿ ಕೆಂಪು ಕಾಳು, ಚೀಸ್ ತುಂಬಿದ್ದನ್ನು ಹೇಳಿದೆವು. ಕಾಳಿನಲ್ಲಿ ಏನಿರುತ್ತದೆ ಎಂದುಕೊಂಡು ಕೇಳಲೇ ಇಲ್ಲ. ತಟ್ಟೆ ಬಂದ ಮೇಲೆ ಯಾಕೋ ಅನುಮಾನವಾಗಿ ಬಡಿಸುವ ಹುಡುಗನನ್ನು ಕೇಳಿದೆವು. ಕಾಳನ್ನು ಹಂದಿಯ ಕೊಬ್ಬಿನಲ್ಲಿ ಹುರಿದಿದ್ದೇವೆ ಎಂದ.

ಅಷ್ಟೊತ್ತಿಗೆ ಅವ್ವ ಒಂದು ತುಣುಕು ಮುರಿದು ಕೈಯಲ್ಲಿ ಹಿಡಿದಿದ್ದಳು. ಹುಡುಗ ಹೇಳಿದ್ದು ಇಂಗ್ಲಿಷಿನಲ್ಲಿ, ಅವಳಿಗೆ ಅರ್ಥವಾಗಿರಲಿಲ್ಲ. ಬೆಳಗಿನಿಂದ ಊರು ಸುತ್ತಿ ಹಸಿದಿದ್ದಳು. ನಾವು ಅಕ್ಕ-ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸುಮ್ಮನಿದ್ದರೆ ಊಟ ನಡೆದುಹೋಗುತ್ತಿತ್ತು.

"ಯವ್ವಾ, ತಿನಬ್ಯಾಡ. ಅದರಾಗ ಹಂದಿ ಕೊಬ್ಬು ಐತಿ. ನಾವು ಮೊದಲ ಕೇಳಬೇಕಿತ್ತು, ತಪ್ಪಾತು."

ಅವ್ವ ತುಣುಕನ್ನು ತಟ್ಟೆಗಿಟ್ಟು ಕೈ ತೊಳೆಯಲು ಎದ್ದಳು. ಸಿಟ್ಟಾದಳು ಅಂದುಕೊಂಡೆವು. ಕೈ ತೊಳೆದು ನೇರ ಹಂಚಿನ ಹತ್ತಿರ ಹೋಗಿ ನಿಂತಳು. ಅಲ್ಲಿದ್ದ ಹೆಂಗಸು ಅವ್ವನ ವಯಸ್ಸಿನವಳೇ. ಹುಡುಗ ಅವಳಿಗೆ ವಿಷಯ ತಿಳಿಸಿದ. ಹಂಚಿನ ಒಂದು ಮೂಲೆ ಉಜ್ಜಿ ಒರೆಸಿ, ಎಣ್ಣೆ ಸವರಿ, ಚೀಸ್ ಮತ್ತು ಲೊರೊಕೊ ಎಂಬ ಬಳ್ಳಿಯ ಮೊಗ್ಗು ತುಂಬಿದ ಎರಡು ಪುಪೂಸಾ ಬೇಯಿಸಿಕೊಟ್ಟಳು. ಜೊತೆಗೆ ಕುರ್ತೀದೊ: ಎಲೆಕೋಸು, ಗಜ್ಜರಿ, ಈರುಳ್ಳಿ ಹಾಕಿದ ಹುಳಿ ಪಚಡಿ. ಚಮಚ ಬೇಕಿಲ್ಲ, ಕೈಯಿಂದಲೇ ತಿನ್ನುವುದು. ಅವ್ವನಿಗೆ ಅದೇ ಸಮಾಧಾನ.

ಗೋವಿನಜೋಳದ ಹಿಟ್ಟು ಬಿರಿಯದೆ ಹೇಗೆ ನಿಂತಿತು ಎಂಬುದು ಅವ್ವನ ಪ್ರಶ್ನೆ. ಕಾಳನ್ನು ಸುಣ್ಣದ ನೀರಿನಲ್ಲಿ ಕುದಿಸಿ, ನೆನೆಸಿ, ಚೆನ್ನಾಗಿ ತೊಳೆದು ರುಬ್ಬುತ್ತಾರಂತೆ. ಸಿಪ್ಪೆ ಬಿಡುತ್ತದೆ, ಹಿಟ್ಟಿಗೆ ಅಂಟು ಬರುತ್ತದೆ. ಜೋಳದಲ್ಲಿರುವ ನಯಾಸಿನ್ ಎಂಬ ಸತ್ವವೂ ಮೈಗೆ ಹತ್ತುತ್ತದೆ.

"ನಾವು ಬೆಳದು ಕೋಳಿ ಫೀಡಿಗೆ ಮಾರತೀವಿ, ಇವರು ಅದನ್ನ ಉಂಡು ಬದುಕ್ಯಾರ" ಅಂದಳು ಅವ್ವ.

1980ರಿಂದ 1992ರವರೆಗೆ ಆ ದೇಶದಲ್ಲಿ ಅಂತರ್ಯುದ್ಧ ನಡೆಯಿತು. ಸುಮಾರು 75,000 ಜನ ಸತ್ತರು, ಲಕ್ಷಾಂತರ ಮಂದಿ ಊರು ಬಿಟ್ಟರು. ಹಾಗೆ ಬಂದವರಲ್ಲಿ ಬಹಳ ಜನ ಲಾಸ್ ಏಂಜಲೀಸ್‌ನಲ್ಲಿ ನೆಲೆಸಿದರು. ಹಂಚಿನ ಮುಂದಿನ ಹೆಂಗಸೂ ಆಗಲೇ ಬಂದವಳು ಎಂದು ಹುಡುಗ ಹೇಳಿದ. ಪತ್ರಿಕೋದ್ಯಮ ಓದಿದ ನಮ್ಮ ಬಾಯಿಗೆ ಹತ್ತು ಪ್ರಶ್ನೆ ಬಂದವು. ಅವಳು ಹಿಟ್ಟು ತಟ್ಟುವುದರಲ್ಲಿದ್ದಳು, ಕೇಳಲಿಲ್ಲ.

ಹೊರಡುವಾಗ ಅವ್ವ ಅವಳಿಗೆ ಕೈ ಮುಗಿದಳು. ಹಿಟ್ಟು ಮೆತ್ತಿದ ಕೈಯಲ್ಲೇ ಅವಳೂ ಮುಗಿದಳು.

ದಾರಿಯಲ್ಲಿ ಅವ್ವ ಅಂದಳು, "ಹೇಳಿದ್ದು ಚಲೋ ಆತು. ನಾಳೆ ನೀವು ಕೊಟ್ಟಿದ್ದನ್ನ ಅನುಮಾನ ಇಲ್ದಂಗ ಉಣ್ಣಬಹುದು."