ಇದರ ಮುಂದಿನ ಭಾಗ ಎಲ್ಲಿದೆ?

ಗಡಿಯಾಚೆಯ ಕನ್ನಡ ಮನೆಗಳ ಪಾಲಕರೆ,

ನಮ್ಮ ಮಕ್ಕಳು ಕನ್ನಡ ಪುಸ್ತಕ ಮುಟ್ಟುವುದಿಲ್ಲವೆಂಬ ದೂರು ಗುಂಜೋಟಿ, ಉಮರ್ಗಾಗಳಲ್ಲಿಯೂ ನಿಲಂಗಾ, ಉದಗೀರಗಳ ಕಡೆಯೂ ಒಂದೇ ಧಾಟಿಯಲ್ಲಿ ಕೇಳಿಬರುತ್ತದೆ. ಸಂವಿಧಾನದ 350ಎ ವಿಧಿಯು ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಕಲ್ಪಿಸಬೇಕೆನ್ನುವುದು ಪ್ರಾಥಮಿಕ ಹಂತಕ್ಕೆ ಮಾತ್ರ. ಮಗು ಮರಾಠಿ ಹೈಸ್ಕೂಲಿನ ಮೆಟ್ಟಿಲೇರಿದ ಮೇಲೆ ಕನ್ನಡವು ಅಡುಗೆಮನೆಯ ಮಾತಾಗಿ ಉಳಿಯುತ್ತದೆ. ಅಕ್ಷರಕ್ಕೆ ಯಾವ ಆಸರೆಯೂ ಇರುವುದಿಲ್ಲ. ಪರೀಕ್ಷೆಯ ಅಂಕುಶವಿಲ್ಲದ ಆ ವಯಸ್ಸಿನಲ್ಲಿ ಲಿಪಿಯನ್ನು ಜೀವಂತವಾಗಿಡಬಲ್ಲದ್ದು ಖುಷಿಯ ಓದು ಒಂದೇ ಎಂದು ನಾನು ನಂಬಿದ್ದೇನೆ.

ಓದುವ ಚಟವೇ ಈ ಮಕ್ಕಳಿಗಿಲ್ಲವೆನ್ನುವ ಮೊದಲು ಅವರು ಮರಾಠಿಯಲ್ಲಿ ಏನು ಓದುತ್ತಾರೆಂದು ನೋಡಿರಿ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಅಣ್ಣನ ಮಗ ಭಾ. ರಾ. ಭಾಗವತರ ‘ಫಾಸ್ಟರ್ ಫೇಣೆ’ ಪುಸ್ತಕಗಳನ್ನು ಒಂದರ ಹಿಂದೊಂದು ಮುಗಿಸಿದ. ಯಾರೂ ಅವನಿಗೆ ಓದೆಂದಿರಲಿಲ್ಲ. ಬಹುಶಃ ಅದೇ ಮೊದಲ ಕಾರಣ. ಎರಡನೆಯದು, ಬನೇಶ್ ಫೇಣೆ ಅವನಿಗೆ ಪರಿಚಿತನಾಗಿದ್ದ. ಹೊಸ ಪುಸ್ತಕವೆಂದರೆ ಹೊಸ ಊರಿಗೆ ಬಸ್ಸಿಳಿದಂತೆ: ಮೊದಲ ಇಪ್ಪತ್ತು ಪುಟ ದಾರಿ ಹುಡುಕುವುದರಲ್ಲೇ ಹೋಗುತ್ತದೆ. ಮಾಲಿಕೆಯ ಎರಡನೆಯ ಪುಸ್ತಕಕ್ಕೆ ಆ ದಣಿವಿಲ್ಲ. ಜೊತೆಗೆ, ಶಾಲೆಯ ಗೆಳೆಯನೂ ಅವನ್ನೇ ಓದುತ್ತಿದ್ದ. ಹದಿಹರೆಯದವರಿಗೆ ಕತೆಯಷ್ಟೇ ಮುಖ್ಯವಾದುದು ಕತೆಯ ಮೇಲಿನ ಜಗಳ.

ಇತ್ತ ಕನ್ನಡದಲ್ಲಿ ನಾವು ಕೊಡುವುದೇನು? ಹುಟ್ಟುಹಬ್ಬಕ್ಕೆ ಪ್ರಶಸ್ತಿ ಪಡೆದ ದಪ್ಪ ಕಾದಂಬರಿಯೊಂದು. ಅದು ಕಪಾಟಿನ ಶೋಭೆಯಾಗುತ್ತದೆ. ನಾಲ್ಕನೆಯ ಇಯತ್ತೆಗೆ ಕನ್ನಡ ಶಾಲೆ ಬಿಟ್ಟ ಹುಡುಗನ ಕುತೂಹಲಕ್ಕೆ ಹದಿನಾಲ್ಕು ವರ್ಷ, ಅವನ ಕನ್ನಡ ಓದಿಗೆ ಒಂಬತ್ತೇ ವರ್ಷ. ಈ ಅಂತರವೇ ನಮ್ಮ ನಿಜವಾದ ಕಷ್ಟ.

ಈ ಕಷ್ಟ ನಮ್ಮೊಬ್ಬರದಲ್ಲ. ಭಾಷಾ ಕಲಿಕೆಯ ವಿದ್ವಾಂಸ ಸ್ಟೀಫನ್ ಕ್ರ್ಯಾಶನ್ ಒಬ್ಬನೇ ಲೇಖಕನನ್ನು ಅಥವಾ ಒಂದೇ ವಿಷಯವನ್ನು ಬಿಡದೆ ಓದುವುದರ ಲಾಭವನ್ನು 1981ರಲ್ಲಿಯೇ ಹೇಳಿದ್ದರು. ಅಲ್ಲಿ ಅದೇ ಶಬ್ದಗಳು ಮರಳಿ ಮರಳಿ ಬಂದು ತಾವಾಗಿ ಮನಸ್ಸಿಗಿಳಿಯುತ್ತವೆ. 1994ರಲ್ಲಿ ಕ್ಯುಂಗ್-ಸೂಕ್ ಚೋ ಅವರೊಡನೆ ಪ್ರಕಟಿಸಿದ ಅಧ್ಯಯನದಲ್ಲಿ, ಅಮೆರಿಕದಲ್ಲಿ ನೆಲೆಸಿದ್ದ ವಲಸಿಗ ಮಹಿಳೆಯರಿಗೆ ‘ಸ್ವೀಟ್ ವ್ಯಾಲಿ’ ಮಾಲಿಕೆಯ ಪುಸ್ತಕಗಳನ್ನು ಕೊಟ್ಟರು. ಹದಿಹರೆಯದವರಿಗಾಗಿ ಬರೆದವು ಕಠಿಣವಾದವು. ಚಿಕ್ಕ ಮಕ್ಕಳಿಗಾಗಿ ಬರೆದ ಅದೇ ಮಾಲಿಕೆಯ ಪುಸ್ತಕಗಳನ್ನು ಕೊಟ್ಟಾಗ, ಆ ದೊಡ್ಡವರು ಬಿಡದೆ ಓದತೊಡಗಿದರು. ನಾಚಿಕೆಪಡಬೇಕಾದುದು ಅದರಲ್ಲೇನೂ ಇಲ್ಲ.

ಆದ್ದರಿಂದ ನಾನು ಕಲಬುರಗಿಗೆ ಹೋದಾಗ ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೊದಲ ಭಾಗ ‘ಬೆಳ್ಳಂದೂರಿನ ನರಭಕ್ಷಕ’ವನ್ನಷ್ಟೇ ತಂದೆ. ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳ ರೂಪಾಂತರವದು. ಭಾಷೆ ಸರಳ, ಭಯ ಮಾತ್ರ ದೊಡ್ಡವರದು. ಓದೆಂದು ಹೇಳಲಿಲ್ಲ, ಸಾರಾಂಶ ಕೇಳಲಿಲ್ಲ. ಒತ್ತಕ್ಷರಗಳಲ್ಲಿ ಎಡವುತ್ತ, ಆಗೀಗ ಒಂದು ಶಬ್ದವನ್ನು ಅಜ್ಜಿಗೆ ಕೇಳುತ್ತ ಹತ್ತು ದಿನ ತೆಗೆದುಕೊಂಡ. ಆಮೇಲೆ ಬಂದು, “ಕಾಕಾ, ಇದರ ಮುಂದಿಂದು ಎಲ್ಲದ?” ಎಂದ. ‘ಪೆದ್ದಚೆರುವಿನ ರಾಕ್ಷಸ’ಕ್ಕೆ ಅವನಿಗೆ ಐದೇ ದಿನ ಸಾಕಾಯಿತು.

ಪತ್ತೇದಾರಿ, ಬೇಟೆ, ಸಾಹಸ ಇವೆಲ್ಲ ಹಗುರ ಸಾಹಿತ್ಯವೆಂದು ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಇದ್ದಾರೆ. ಅವರಿಗೆ ಗಳಗನಾಥರನ್ನು ನೆನಪಿಸುತ್ತೇನೆ. ಹರಿ ನಾರಾಯಣ ಆಪ್ಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಪುಸ್ತಕಗಳನ್ನು ತಾವೇ ಹೊತ್ತು ಮಾರಿದವರು ಅವರು. ‘ಚಂದಮಾಮ’ದ ಧಾರಾವಾಹಿಗಳಿಗೆ ತಿಂಗಳಿಡೀ ಕಾದ ತಲೆಮಾರು ನಮ್ಮದೇ ಅಲ್ಲವೆ? ಗಡಿಯ ಈಚೆ ಅದೇ ಪತ್ರಿಕೆ ‘ಚಾಂದೋಬಾ’ ಆಗಿ ಮರಾಠಿಯಲ್ಲಿ ಬರುತ್ತಿತ್ತು.

ನಿಮ್ಮಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಊರಿನ ಶಾಲೆಯ ಗ್ರಂಥಾಲಯಕ್ಕೆ ಕನ್ನಡ ಪುಸ್ತಕ ತರಿಸುವಾಗ ಬಿಡಿ ಪುಸ್ತಕಗಳ ಬದಲು ಪೂರ್ಣ ಮಾಲಿಕೆಗಳನ್ನೇ ಕೇಳಿರಿ. ಎರಡನೆಯ ಭಾಗವಿಲ್ಲದ ಮೊದಲ ಭಾಗ ಹುಡುಗರನ್ನು ನಡುದಾರಿಯಲ್ಲಿ ಇಳಿಸಿದಂತೆ. ಮನೆಯಲ್ಲಿ ಮಾತ್ರ ಒಂದೊಂದಾಗಿ ಕೊಡಿರಿ. ನೆರೆಮನೆಯ ಮಗುವಿಗೂ ಓದಲು ಕೊಡಿರಿ. ಜಗಳಕ್ಕೆ ಇಬ್ಬರಾದರೂ ಬೇಕು.

ನಾಲ್ಕನೆಯ ಭಾಗ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಮುಗಿಯುತ್ತ ಬಂದಿದೆ. ತೇಜಸ್ವಿಯವರದೇ ‘ಮಿಲನಿಯಂ’ ಮಾಲಿಕೆಯಲ್ಲಿ 16 ಪುಸ್ತಕಗಳಿವೆ. ಮುಂದಿನ ವಾರ ಕಲಬುರಗಿಗೆ ಹೋಗುವವನಿದ್ದೇನೆ; ಯಾರಿಗಾದರೂ ಮೊದಲ ಭಾಗ ಬೇಕಿದ್ದರೆ ತಿಳಿಸಿರಿ.